ನೀರು ಇಳಿಯಿತು, ಬೆಲೆ ಇಳಿಯಲಿಲ್ಲ

2011ರ ಅಕ್ಟೋಬರ್. ಥಾಯ್ಲೆಂಡಿನ ಹಳೆಯ ರಾಜಧಾನಿ ಅಯುತ್ಥಯಾದ ಸುತ್ತ ಕಣ್ಣು ಹಾಯುವಷ್ಟು ದೂರ ಕೆಸರು ಬಣ್ಣದ ನೀರು. ಶತಮಾನಗಳ ಹಿಂದಿನ ವಿಹಾರಗಳ ಇಟ್ಟಿಗೆ ಗೋಡೆಗಳ ಬುಡ ಮುಳುಗಿತ್ತು. ಬಸ್ಸು ಓಡುತ್ತಿದ್ದ ರಸ್ತೆಗಳಲ್ಲಿ ದೋಣಿಗಳು ಓಡುತ್ತಿದ್ದವು. ಊರ ಹೊರಗಿನ ಕೈಗಾರಿಕಾ ವಸಾಹತುಗಳ ಸುತ್ತ ಸೈನಿಕರೂ ಕಾರ್ಮಿಕರೂ ಮರಳಿನ ಚೀಲ ಪೇರಿಸಿ ಒಡ್ಡು ಕಟ್ಟುತ್ತಿದ್ದರು. ಒಡ್ಡುಗಳು ಒಂದೊಂದಾಗಿ ಒಡೆಯುತ್ತಿದ್ದವು. 4ನೇ ತಾರೀಖು ಮೊದಲ ವಸಾಹತು ಮುಳುಗಿತು, 20ಕ್ಕೆ ಏಳನೆಯದು. ಕೆಲವು ವಾರಗಳ ನಂತರ ಆಳೆತ್ತರದ ನೀರು ನಿಂತಿದ್ದ ಕಾರ್ಖಾನೆಗಳೊಳಗೆ ಮುಳುಗುಗಾರರು ಇಳಿದು, ತಳದಲ್ಲಿದ್ದ ಯಂತ್ರಗಳನ್ನು ಮೇಲೆತ್ತಿದರು. ಅಷ್ಟರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಾರ್ಡ್ ಡಿಸ್ಕ್ ಕೇಳಿದವರಿಗೂ ಹಳೆಯ ದರ ಸಿಗದಂತಾಗಿತ್ತು.

ನೆರೆ ಬಂತು, ಕಾರ್ಖಾನೆ ಮುಳುಗಿತು, ಸರಕು ಕಡಿಮೆಯಾಯಿತು, ಬೆಲೆ ಏರಿತು. ನಮಗೆಲ್ಲ ಗೊತ್ತಿರುವುದು ಇಷ್ಟು. ಇದು ಸುಳ್ಳಲ್ಲ, ಆದರೆ ಅರ್ಧ ಕಥೆ. ಆ ನೀರು ಹೆಚ್ಚೆಂದರೆ ಎರಡು ತಿಂಗಳು ಕಾರ್ಖಾನೆಗಳಲ್ಲಿ ನಿಂತಿತು. ಹಾರ್ಡ್ ಡಿಸ್ಕ್‌ನ ಬೆಲೆ ನೆರೆಗೆ ಮುಂಚಿನ ಮಟ್ಟಕ್ಕೆ ಬರಲು ಎರಡು ವರ್ಷಗಳ ಆಸುಪಾಸು ಹಿಡಿಯಿತು. ಈ ಅಂತರವನ್ನು ಮಳೆಯ ಲೆಕ್ಕದಿಂದ ವಿವರಿಸಲಾಗದು. ಪ್ರಕೃತಿ ವಿಕೋಪ ಬೆಲೆಯನ್ನು ಏರಿಸುತ್ತದೆ, ನಿಜ. ಏರಿದ ಬೆಲೆ ಎಷ್ಟು ಕಾಲ ಮೇಲೇ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಆ ವಸ್ತುವನ್ನು ಎಷ್ಟು ಜನ, ಎಷ್ಟು ಕಡೆ ತಯಾರಿಸುತ್ತಾರೆ ಎಂಬುದು. ಕೊಳ್ಳುವವರು, ಮರುಮಾರಾಟ ಮಾಡುವವರು, ಷೇರಿಗೆ ಹಣ ಹಾಕುವವರು ಮೂವರೂ ಎಡವುವುದು ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದ.

ಗದ್ದೆಯ ಮೇಲೆ ಎದ್ದ ಕಾರ್ಖಾನೆಗಳು

ಚಾವೊ ಫ್ರಾಯಾ ನದಿಯ ಬಯಲು ಹೆಚ್ಚುಕಡಿಮೆ ಸಪಾಟಾದ ನೆಲ. ಉತ್ತರದ ಗುಡ್ಡಗಾಡಿನಲ್ಲಿ ಸುರಿದ ಮಳೆ ಅಲ್ಲಿ ಧುಮ್ಮಿಕ್ಕುವುದಿಲ್ಲ. ವಾರಗಟ್ಟಲೆ ತೆವಳುತ್ತಾ ಬ್ಯಾಂಕಾಕ್ ಕಡೆಗೆ ಇಳಿಯುತ್ತದೆ. ಈ ನಿಧಾನದ ನೆರೆಯನ್ನೇ ನಂಬಿ ಅಲ್ಲಿನ ರೈತರು ಶತಮಾನಗಳಿಂದ ಭತ್ತ ಬೆಳೆದಿದ್ದಾರೆ. ಅಯುತ್ಥಯಾ ಪಟ್ಟಣವೇ ಮೂರು ನದಿಗಳು ಕೂಡುವ ಜಾಗದಲ್ಲಿ, ನೀರೇ ಕೋಟೆಯ ಕಂದಕವಾಗಲಿ ಎಂದು ಕಟ್ಟಿದ್ದು. 1980ರ ದಶಕದಿಂದೀಚೆಗೆ ಇದೇ ಬಯಲಿನಲ್ಲಿ ಕೈಗಾರಿಕಾ ವಸಾಹತುಗಳು ಎದ್ದವು. ಭೂಮಿ ಅಗ್ಗ, ರಾಜಧಾನಿ ಹತ್ತಿರ, ಸರ್ಕಾರದ ತೆರಿಗೆ ರಿಯಾಯಿತಿ ಧಾರಾಳ. ಡಿಸ್ಕ್ ತಯಾರಿಸುವ ಸೀಗೇಟ್ ಕಂಪನಿ 1983ರಲ್ಲಿ ಥಾಯ್ಲೆಂಡಿಗೆ ಕಾಲಿಟ್ಟಿತು. ಹಿಂದೆಯೇ ಬಿಡಿಭಾಗ ಮಾಡುವವರು ಬಂದರು. ಬಿಡಿಭಾಗ ಹತ್ತಿರದಲ್ಲೇ ಸಿಗುತ್ತದೆಂದು ಇನ್ನಷ್ಟು ಡಿಸ್ಕ್ ಕಂಪನಿಗಳು ಬಂದವು. ವೆಸ್ಟರ್ನ್ ಡಿಜಿಟಲ್ 2003ರಲ್ಲಿ ರೀಡ್-ರೈಟ್ ಎಂಬ ಕಂಪನಿಯ ಆಸ್ತಿಯನ್ನು ಕೊಂಡಾಗ ಬಾಂಗ್ ಪ-ಇನ್ ವಸಾಹತಿನ ಕಾರ್ಖಾನೆಯೂ ಅದರ ಕೈಸೇರಿತು. 2011ರ ಹೊತ್ತಿಗೆ ಜಗತ್ತಿನ ಹಾರ್ಡ್ ಡಿಸ್ಕ್‌ಗಳಲ್ಲಿ ಶೇ 40ಕ್ಕೂ ಹೆಚ್ಚು ಥಾಯ್ಲೆಂಡಿನಲ್ಲಿ ತಯಾರಾಗುತ್ತಿದ್ದವು. ವೆಸ್ಟರ್ನ್ ಡಿಜಿಟಲ್‌ನ ಡಿಸ್ಕ್‌ಗಳಲ್ಲಂತೂ ಸುಮಾರು ಶೇ 60.

ಆ ವರ್ಷ ಮುಂಗಾರು ಮೊದಲಿನಿಂದಲೂ ಜೋರಾಗಿತ್ತು. ಜುಲೈ ಕೊನೆಯಲ್ಲಿ ನೊಕ್-ಟೆನ್ ಚಂಡಮಾರುತದ ಮಳೆಯೂ ಅದಕ್ಕೆ ಸೇರಿತು. ಅಕ್ಟೋಬರ್ ಆರಂಭಕ್ಕೆ ಭೂಮಿಬೋಲ್ ಮತ್ತು ಸಿರಿಕಿತ್ ಅಣೆಕಟ್ಟುಗಳು ತುಂಬಿ, ನೀರು ಬಿಡದೆ ಬೇರೆ ದಾರಿಯಿರಲಿಲ್ಲ. ಆ ನೆರೆಯಲ್ಲಿ 800ಕ್ಕೂ ಹೆಚ್ಚು ಜನ ಸತ್ತರು. ಏಳು ವಸಾಹತುಗಳಲ್ಲಿ 800ರಷ್ಟು ಕಾರ್ಖಾನೆಗಳು ಮುಳುಗಿದವು, ಲಕ್ಷಾಂತರ ಕಾರ್ಮಿಕರ ಕೆಲಸ ನಿಂತಿತು. ವಿಶ್ವಬ್ಯಾಂಕ್ ಅಂದಾಜಿಸಿದ ಒಟ್ಟು ನಷ್ಟ ಸುಮಾರು 1.43 ಲಕ್ಷ ಕೋಟಿ ಬಾತ್. ಡಿಸ್ಕ್ ಬೆಲೆಯ ಮಾತಾಡುವಾಗ ಈ ಸಾವುನೋವನ್ನು ಮರೆಯುವಂತಿಲ್ಲ. ಮೊದಲ ಪೆಟ್ಟು ಬಿದ್ದದ್ದು ಮನೆಯೂ ಕೂಲಿಯೂ ಒಟ್ಟಿಗೆ ಹೋದವರ ಮೇಲೆ.

ಒಣ ನೆಲದ ಕಾರ್ಖಾನೆಯೂ ನಿಂತದ್ದೇಕೆ?

ಹಾರ್ಡ್ ಡಿಸ್ಕ್ ಹೊರಗಿನಿಂದ ಒಂದು ಲೋಹದ ಡಬ್ಬಿ. ಒಳಗೆ ಕನ್ನಡಿಯಂತೆ ನಯವಾದ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ತಲೆ ಆ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ಒಂದು ಧೂಳಿನ ಕಣ ನಡುವೆ ಸಿಕ್ಕರೂ ತಟ್ಟೆ ಗೀರಿಹೋಗುತ್ತದೆ. ಹಾಗಾಗಿ ಇವನ್ನು ಜೋಡಿಸುವ ಕೋಣೆಗಳ ಗಾಳಿ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೊಠಡಿಗಿಂತಲೂ ಶುದ್ಧವಾಗಿರಬೇಕು. ಅಂಥ ಕೋಣೆಗೆ ಚರಂಡಿ ನೀರು ನುಗ್ಗಿದರೆ ಒರೆಸಿ ಒಣಗಿಸಿ ಮತ್ತೆ ಶುರುಮಾಡಲು ಆಗುವುದಿಲ್ಲ. ಯಂತ್ರಗಳನ್ನು ಬಿಚ್ಚಿ, ತೊಳೆದು, ಕೆಟ್ಟದ್ದನ್ನು ಬದಲಿಸಿ, ಅಳತೆಯನ್ನು ಮೊದಲಿನಿಂದ ಕೂಡಿಸಬೇಕು.

ಅದಕ್ಕಿಂತ ದೊಡ್ಡ ಪೆಟ್ಟು ಬಂದದ್ದು ಸುದ್ದಿಯಲ್ಲಿ ಹೆಚ್ಚು ಕಾಣದ ಕಡೆಯಿಂದ. ಸೀಗೇಟ್‌ನ ಥಾಯ್ ಕಾರ್ಖಾನೆಗಳಿಗೆ ನೀರು ನುಗ್ಗಲಿಲ್ಲ. ಆದರೂ ಅದಕ್ಕೆ ಬೇಕಾದಷ್ಟು ಡಿಸ್ಕ್ ಮಾಡಲು ಆಗಲಿಲ್ಲ. ತಟ್ಟೆ ತಿರುಗಿಸುವ ಪುಟ್ಟ ಮೋಟಾರನ್ನು ಜಗತ್ತಿಗೆಲ್ಲ ಬಹುಪಾಲು ಪೂರೈಸುತ್ತಿದ್ದುದು ಜಪಾನಿನ ನಿಡೆಕ್ ಎಂಬ ಒಂದೇ ಕಂಪನಿ. ಅದರ ಕೆಲವು ಕಾರ್ಖಾನೆಗಳು ಇದೇ ಬಯಲಿನಲ್ಲಿ ಮುಳುಗಿದ್ದವು. ತಲೆಯನ್ನು ಹಿಡಿದಿಡುವ ತೆಳು ಲೋಹದ ಪಟ್ಟಿ ಮಾಡುತ್ತಿದ್ದ ಹಚಿನ್ಸನ್ ಟೆಕ್ನಾಲಜಿಯ ಘಟಕ ಅಯುತ್ಥಯಾದಲ್ಲಿತ್ತು. ಬ್ರಾಂಡುಗಳು ಐದಿದ್ದವು, ಪೆಟ್ಟಿಗೆಯ ಮೇಲಿನ ಹೆಸರುಗಳು ಬೇರೆ ಬೇರೆ ಇದ್ದವು. ಒಳಗಿನ ಮೋಟಾರು ಮಾತ್ರ ಬಹುಪಾಲು ಒಂದೇ ಕಂಪನಿಯಿಂದ ಬರುತ್ತಿತ್ತು. ಜುಲೈ-ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಜಗತ್ತಿನಾದ್ಯಂತ 17 ಕೋಟಿಗೂ ಹೆಚ್ಚು ಡಿಸ್ಕ್ ಸಾಗಣೆಯಾಗಿದ್ದವು. ಅಕ್ಟೋಬರ್-ಡಿಸೆಂಬರ್‌ನಲ್ಲಿ ಅದು 12 ಕೋಟಿಯ ಆಸುಪಾಸಿಗೆ ಇಳಿಯಿತು. ಡಿಸ್ಕ್ ಇಲ್ಲದೆ ಕಂಪ್ಯೂಟರ್ ಜೋಡಿಸಲು ಆಗದಿದ್ದಾಗ ಚಿಪ್ಪಿಗೂ ಗಿರಾಕಿ ಕಡಿಮೆಯಾಯಿತು. ಡಿಸೆಂಬರ್ 12ರಂದು ಇಂಟೆಲ್ ತನ್ನ ತ್ರೈಮಾಸಿಕ ವರಮಾನದ ಅಂದಾಜನ್ನು 1,470 ಕೋಟಿ ಡಾಲರ್‌ನಿಂದ 1,370 ಕೋಟಿಗೆ ಇಳಿಸಿತು.

ಇದ್ದ ಸರಕನ್ನು ಹಂಚುವಾಗಲೂ ಸಮಾನತೆ ಇರಲಿಲ್ಲ. ತಯಾರಕರು ಮೊದಲು ನೋಡಿಕೊಂಡದ್ದು ಒಪ್ಪಂದ ಮಾಡಿಕೊಂಡ ದೊಡ್ಡ ಕಂಪ್ಯೂಟರ್ ಕಂಪನಿಗಳನ್ನು. ಹೀಗಾಗಿ ಅಂಗಡಿಯಲ್ಲಿ ಸಿದ್ಧ ಲ್ಯಾಪ್‌ಟಾಪಿನ ಬೆಲೆ ಅಷ್ಟೇನೂ ಏರಲಿಲ್ಲ, ಬಿಡಿ ಡಿಸ್ಕ್‌ನ ಬೆಲೆ ಎರಡು ಪಟ್ಟು, ಕೆಲವು ಮಾದರಿಗಳಲ್ಲಿ ಮೂರು ಪಟ್ಟು ಆಯಿತು. ಡಿಸ್ಕ್‌ನ ಪ್ರತಿ ತುಣುಕನ್ನೂ ಹೊರಗಿನಿಂದ ತರಿಸುತ್ತಿದ್ದ ನಮ್ಮಂಥ ದೇಶದಲ್ಲಿ, ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿ ಮಾರುವ ಸಣ್ಣ ಅಂಗಡಿಯವರಿಗೆ ಬಿದ್ದ ಪೆಟ್ಟು ದೊಡ್ಡ ಬ್ರಾಂಡುಗಳಿಗೆ ಬಿದ್ದದ್ದಕ್ಕಿಂತ ಹೆಚ್ಚು.

ಟೊಮೆಟೊ ಇಳಿಯುತ್ತದೆ, ಡಿಸ್ಕ್ ಏಕೆ ಇಳಿಯಲಿಲ್ಲ?

2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಸೆಪ್ಟೆಂಬರ್ ಹೊತ್ತಿಗೆ ಅದು ನೆಲಕಚ್ಚಿ, ಕೋಲಾರದ ಮಾರುಕಟ್ಟೆಗೆ ತಂದ ರೈತರೇ ಕಣ್ಣೀರು ಹಾಕುವಂತಾಯಿತು. ಬೆಲೆ ಏರಿದ್ದನ್ನು ಕಂಡ ಸಾವಿರಾರು ರೈತರು ಬೇರೆ ಬೇರೆ ಜಿಲ್ಲೆ, ಬೇರೆ ಬೇರೆ ರಾಜ್ಯಗಳಲ್ಲಿ ಸಸಿ ನೆಟ್ಟರು. ಯಾರೂ ಯಾರನ್ನೂ ಕೇಳಿ ನೆಡಲಿಲ್ಲ. ಹಾರ್ಡ್ ಡಿಸ್ಕ್ ಬೆಳೆಯುವ ರೈತರು ಐದೇ ಮಂದಿ ಇದ್ದರು. ನೆರೆ ಇಳಿದ ಕೆಲವೇ ತಿಂಗಳಲ್ಲಿ ಅವರು ಮೂವರಾದರು. ಸ್ಯಾಮ್‌ಸಂಗ್‌ನ ಡಿಸ್ಕ್ ವ್ಯವಹಾರವನ್ನು ಸೀಗೇಟ್ 2011ರ ಡಿಸೆಂಬರ್‌ನಲ್ಲಿ, ಹಿಟಾಚಿಯದನ್ನು ವೆಸ್ಟರ್ನ್ ಡಿಜಿಟಲ್ 2012ರ ಮಾರ್ಚ್‌ನಲ್ಲಿ ತಮ್ಮದಾಗಿಸಿಕೊಂಡವು. ತೋಷಿಬಾ ಮೂರನೆಯದಾಗಿ ಉಳಿಯಿತು. ಈ ಎರಡು ಖರೀದಿಗಳೂ ನೆರೆಗೆ ಮುಂಚೆಯೇ ಘೋಷಣೆಯಾಗಿದ್ದವು, ನೆರೆಯಿಂದ ಹುಟ್ಟಿದ್ದಲ್ಲ ಎಂಬುದನ್ನು ಹೇಳಲೇಬೇಕು. ಆದರೆ ನೀರು ಏರಿಸಿದ ಬೆಲೆಯನ್ನು ಕೆಳಗೆಳೆಯಲು ಪೈಪೋಟಿ ಬೇಕಾಗಿದ್ದ ಹೊತ್ತಿನಲ್ಲೇ ಪೈಪೋಟಿ ಕುಗ್ಗಿತು.

ಅಂಕಿಗಳು ಇದನ್ನೇ ಹೇಳುತ್ತವೆ. ನೆರೆಯ ತ್ರೈಮಾಸಿಕದಲ್ಲಿ ವೆಸ್ಟರ್ನ್ ಡಿಜಿಟಲ್ ಸಾಗಿಸಿದ ಡಿಸ್ಕ್‌ಗಳ ಸಂಖ್ಯೆ 5.78 ಕೋಟಿಯಿಂದ 2.85 ಕೋಟಿಗೆ, ಅಂದರೆ ಅರ್ಧಕ್ಕೆ ಇಳಿಯಿತು. ಒಂದು ಡಿಸ್ಕ್‌ಗೆ ಸಿಕ್ಕ ಸರಾಸರಿ ಬೆಲೆ 46 ಡಾಲರ್‌ನಿಂದ 69ಕ್ಕೆ ಏರಿತು. ಮುಳುಗಿದ ಕಾರ್ಖಾನೆಯ ಖರ್ಚನ್ನೆಲ್ಲ ಕಳೆದ ಮೇಲೂ ಕಂಪನಿ ಆ ಮೂರು ತಿಂಗಳಲ್ಲಿ 14.5 ಕೋಟಿ ಡಾಲರ್ ಲಾಭ ತೋರಿಸಿತು. ಸೀಗೇಟ್‌ನ ವಾರ್ಷಿಕ ಲಾಭ 2011ರ ಜೂನ್‌ಗೆ ಮುಗಿದ ವರ್ಷದಲ್ಲಿ ಸುಮಾರು 51 ಕೋಟಿ ಡಾಲರ್. ಮರುವರ್ಷ 286 ಕೋಟಿ. ಇದೇ ಅವಧಿಯಲ್ಲಿ ಇಬ್ಬರೂ ಅನೇಕ ಡಿಸ್ಕ್‌ಗಳ ವಾರಂಟಿಯನ್ನು ಮೊಟಕು ಮಾಡಿದರು. ಸೀಗೇಟ್ ಕೆಲವು ಮಾದರಿಗಳಿಗೆ ಒಂದೇ ವರ್ಷ, ವೆಸ್ಟರ್ನ್ ಡಿಜಿಟಲ್ ಮೂರರ ಬದಲು ಎರಡು ವರ್ಷ ಕೊಡತೊಡಗಿದವು. ಹೆಚ್ಚು ಹಣ ಕೊಟ್ಟವರಿಗೆ ಕಡಿಮೆ ಭರವಸೆ ಸಿಕ್ಕಿತು. ದೊಡ್ಡ ಗಿರಾಕಿಗಳು ಮತ್ತೆ ಕೊರತೆಯಾದೀತೆಂಬ ಭಯದಿಂದ ಏರಿದ ದರದಲ್ಲೇ ದೀರ್ಘಾವಧಿ ಒಪ್ಪಂದಗಳಿಗೆ ಸಹಿ ಹಾಕಿದರು. ಇಳಿಯಬೇಕಿದ್ದ ಬೆಲೆಗೆ ಅದೂ ಒಂದು ಊರುಗೋಲಾಯಿತು.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಬೆಲೆ ಏರದಿದ್ದರೆ ಇದ್ದ ಸರಕು ಮೊದಲ ವಾರದಲ್ಲೇ ಕಾಳಸಂತೆಗೆ ಹೋಗುತ್ತಿತ್ತು, ಏರಿದ್ದರಿಂದಲೇ ನಿಜವಾಗಿ ಬೇಕಾದವರಿಗೆ ಉಳಿಯಿತು ಎನ್ನುತ್ತಾರೆ. ಮೊದಲ ಆರು ತಿಂಗಳ ಮಟ್ಟಿಗೆ ಇದನ್ನು ಒಪ್ಪುತ್ತೇನೆ. 2012ರ ಮಧ್ಯಕ್ಕೆ ಉತ್ಪಾದನೆ ಬಹುಮಟ್ಟಿಗೆ ಮರಳಿತ್ತು. ಆಮೇಲಿನ ಬೆಲೆಗೆ ಈ ಸಮರ್ಥನೆ ಹೊಂದುವುದಿಲ್ಲ. ಕಾರ್ಖಾನೆ ಮರುಕಟ್ಟುವ ಖರ್ಚನ್ನು ಬೆಲೆಯಲ್ಲಿ ಸೇರಿಸಲೇಬೇಕಲ್ಲವೇ ಎಂಬುದು ಇನ್ನೊಂದು ಮಾತು. ನೀರೇ ನುಗ್ಗದ ಸೀಗೇಟ್‌ನ ಲಾಭ ಐದು ಪಟ್ಟಿಗೂ ಮೀರಿ ಬೆಳೆದದ್ದನ್ನು ಆ ಖರ್ಚು ವಿವರಿಸದು. ಮೂರನೆಯ ಆಕ್ಷೇಪದಲ್ಲಿ ಹೆಚ್ಚು ಹುರುಳಿದೆ: ಒಂದೇ ತಟ್ಟೆಯಲ್ಲಿ ಹೆಚ್ಚು ಮಾಹಿತಿ ತುಂಬುವ ತಂತ್ರಜ್ಞಾನದ ವೇಗ ಅದೇ ಕಾಲಕ್ಕೆ ತಗ್ಗಿತ್ತು, ಆದ್ದರಿಂದ ವರ್ಷವರ್ಷವೂ ಬೆಲೆ ಬೀಳುವ ಹಳೆಯ ಓಟ ಹೇಗೂ ನಿಧಾನವಾಗುತ್ತಿತ್ತು. ನಿಜ. ಆದರೆ ಇದು ಬೆಲೆ ಇನ್ನಷ್ಟು ಕೆಳಗಿಳಿಯದ್ದಕ್ಕೆ ಕಾರಣವಾದೀತು, ದುಪ್ಪಟ್ಟಾಗಿ ಮೇಲೆ ನಿಂತದ್ದಕ್ಕಲ್ಲ.

ಹೋಲಿಕೆಗೆ ತೈವಾನ್ ಇದೆ. 1999ರ ಸೆಪ್ಟೆಂಬರ್ 21ರ ನಸುಕಿನಲ್ಲಿ ಅಲ್ಲಿ ಭಾರಿ ಭೂಕಂಪವಾಗಿ 2,400ರಷ್ಟು ಜನ ಸತ್ತರು. ವಿದ್ಯುತ್ ಜಾಲ ಕಡಿದುಹೋಗಿ ಸಿಂಚು ವಿಜ್ಞಾನ ಉದ್ಯಾನದ ಚಿಪ್ ಕಾರ್ಖಾನೆಗಳು ಕತ್ತಲಾದವು. ಕಂಪ್ಯೂಟರಿನ ಮೆಮೊರಿ ಚಿಪ್ಪಿನ ಬೆಲೆ ಜಿಗಿಯಿತು. ಆದರೆ ಆ ಚಿಪ್ಪನ್ನು ಆಗ ಕೊರಿಯಾ, ಜಪಾನ್, ಅಮೆರಿಕ, ಯುರೋಪಿನ ಹಲವು ಕಂಪನಿಗಳು ಮಾಡುತ್ತಿದ್ದವು. ಕೆಲವೇ ದಿನಗಳಲ್ಲಿ ಕಾರ್ಖಾನೆಗಳಿಗೆ ವಿದ್ಯುತ್ ಮರಳಿತು, ಮರುವರ್ಷದ ಆರಂಭಕ್ಕೆ ಬೆಲೆಯ ಉಬ್ಬರ ಇಳಿದಿತ್ತು.

ಕವಚ ಒಡೆದು ತೆಗೆದ ಡಿಸ್ಕ್

ಕೊರತೆಯ ದಿನಗಳಲ್ಲಿ ಮರುಮಾರಾಟದ ಪೇಟೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕಂಪನಿಯ ಅನುಭವ ಒಳ್ಳೆಯ ದಾಖಲೆ. ಗ್ರಾಹಕರ ಕಂಪ್ಯೂಟರಿನ ಮಾಹಿತಿಯನ್ನು ಕಾಪಿಡುವುದು ಅದರ ಕಸುಬು. ಡಿಸ್ಕ್ ಇಲ್ಲದಿದ್ದರೆ ಅಂಗಡಿಯೇ ಮುಚ್ಚಬೇಕು. ಸಗಟು ಪೇಟೆಯಲ್ಲಿ ಬಿಡಿ ಡಿಸ್ಕ್ ಕೈಗೆಟುಕದಾದಾಗ, ಪ್ಲಾಸ್ಟಿಕ್ ಕವಚದೊಳಗೆ ಕೂರಿಸಿ ಯುಎಸ್‌ಬಿ ತಂತಿಯೊಡನೆ ಮಾರುವ ಹೊರಗಿನ ಡಿಸ್ಕ್ ಚಿಲ್ಲರೆ ಮಳಿಗೆಗಳಲ್ಲಿ ಇನ್ನೂ ಅಗ್ಗವಾಗಿ ಸಿಗುತ್ತಿದೆ ಎಂಬುದನ್ನು ಅವರು ಕಂಡುಕೊಂಡರು. ಮಳಿಗೆಗಳು ಒಬ್ಬರಿಗೆ ಎರಡೇ ಎಂದು ಮಿತಿ ಹಾಕಿದ್ದವು. ನೌಕರರು, ಅವರ ಬಂಧುಗಳು, ಸ್ನೇಹಿತರು ಊರೂರಿನ ಮಳಿಗೆ ಸುತ್ತಿ ಎರಡೆರಡು ಕೊಂಡು ತಂದರು. ಕವಚ ಒಡೆದು ಒಳಗಿನ ಡಿಸ್ಕ್ ತೆಗೆದು ಯಂತ್ರಗಳಿಗೆ ಜೋಡಿಸಿದರು.

ಒಂದೇ ಡಿಸ್ಕ್‌ಗೆ ಎರಡು ಬೆಲೆ ಇದ್ದುದೇಕೆ? ಚಿಲ್ಲರೆ ಮಳಿಗೆಯಲ್ಲಿದ್ದದ್ದು ಹಳೆಯ ದರಕ್ಕೆ ಕೊಂಡು ತಂದ ದಾಸ್ತಾನು. ಸಗಟು ಪೇಟೆಯ ಬೆಲೆ ಸುದ್ದಿಯೊಡನೆ ಓಡುತ್ತದೆ, ಕಪಾಟಿನಲ್ಲಿ ಅಂಟಿಸಿದ ಬೆಲೆಚೀಟಿ ಅದರ ಹಿಂದೆ ನಡೆದು ಬರುತ್ತದೆ. ಮರುಮಾರಾಟಗಾರರ ಲಾಭವೆಲ್ಲ ಈ ಕೆಲವು ವಾರಗಳ ಅಂತರದಲ್ಲೇ. ಅಂತರ ಮುಚ್ಚಿದ ಮೇಲೆ ಗೋದಾಮು ತುಂಬಿಸಿಕೊಂಡವರಿಗೆ ಕಾಲವೇ ಶತ್ರು. ಅಕ್ಕಿಯಂತೆ ಹಳೆಯದಾದಷ್ಟೂ ಬೆಲೆ ಬರುವ ವಸ್ತುವಲ್ಲ ಇದು. ಹೊಸ ಮಾದರಿ ಬಂದ ದಿನ ಹಳೆಯದರ ಬೆಲೆ ಬೀಳುತ್ತದೆ. ಬಳಸುವುದಕ್ಕೆಂದು ಕೊಂಡ ಬ್ಯಾಕ್‌ಬ್ಲೇಜ್ ಉಳಿದುಕೊಂಡಿತು. ಕೂಡಿಟ್ಟು ಮಾರಲು ಹೊರಟವರ ಲೆಕ್ಕಾಚಾರ ಬಹಳ ಇಕ್ಕಟ್ಟಿನದು.

ಕೊಳ್ಳುವವರು ಎಚ್ಚರವಹಿಸಬೇಕಾದ್ದೂ ಆಗಲೇ. ಸರಕು ಕಡಿಮೆಯಾದಾಗ ಬಳಸಿದ್ದು, ದುರಸ್ತಿಯಾದದ್ದು, ಕೆಲವೊಮ್ಮೆ ನೀರು ಕುಡಿದದ್ದೂ ಹೊಸದರ ಪಕ್ಕದಲ್ಲಿ ಬಂದು ಕೂರುತ್ತದೆ. ಪ್ರತಿ ಡಿಸ್ಕ್ ತಾನು ಎಷ್ಟು ಗಂಟೆ ಓಡಿದ್ದೇನೆಂಬ ಲೆಕ್ಕವನ್ನು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂದು ಕರೆಯುವ ಈ ದಾಖಲೆಯನ್ನು ಉಚಿತ ತಂತ್ರಾಂಶದಿಂದ ಎರಡು ನಿಮಿಷದಲ್ಲಿ ಓದಬಹುದು. ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವವರು ಹಣ ಕೊಡುವ ಮುನ್ನ ಅದನ್ನು ತೋರಿಸಿ ಎಂದು ಕೇಳಬೇಕು. ಕವಚ ಒಡೆದು ತೆಗೆದ ಡಿಸ್ಕ್‌ಗೆ ವಾರಂಟಿ ಸಿಗುವುದು ಅನುಮಾನ ಎಂಬುದನ್ನೂ ನೆನಪಿಡಬೇಕು.

ಉರಿಯುವ ಮನೆಯಲ್ಲಿ ಗಳ

ನೆರೆಯ ಸುದ್ದಿ ಬಂದಾಗ ಷೇರುಪೇಟೆ ಮೊದಲು ಮಾಡಿದ್ದು ಯಾರಾದರೂ ಊಹಿಸಬಹುದಾದ್ದನ್ನೇ: ಮುಳುಗಿದ ವೆಸ್ಟರ್ನ್ ಡಿಜಿಟಲ್ ಷೇರು ಬಿತ್ತು. ಅಕ್ಟೋಬರ್ ಆರಂಭದಿಂದ ಆರು ತಿಂಗಳಲ್ಲಿ ಸೀಗೇಟ್ ಷೇರು ದುಪ್ಪಟ್ಟಿಗೂ ಮೀರಿ ಏರಿತು. ಬಿದ್ದಿದ್ದ ವೆಸ್ಟರ್ನ್ ಡಿಜಿಟಲ್ ಕೂಡ ನೆರೆಗೆ ಮುಂಚಿನ ಮಟ್ಟ ದಾಟಿ ಮೇಲೆ ಹೋಯಿತು. ಯಾರು ಮುಳುಗಿದರು, ಯಾರು ಉಳಿದರು ಎಂಬ ನಕ್ಷೆಯನ್ನಷ್ಟೇ ನೋಡಿ ವೆಸ್ಟರ್ನ್ ಡಿಜಿಟಲ್ ಮಾರಿದವರು ತಪ್ಪಿದರು. ಆ ಕಂಪನಿಯ ಬಾಂಗ್ ಪ-ಇನ್ ಕಾರ್ಖಾನೆ ಡಿಸೆಂಬರ್ ಆರಂಭಕ್ಕೇ ಮತ್ತೆ ಕೆಲಸ ಶುರುಮಾಡಿತು. ಅದಕ್ಕಿಂತ ಮುಖ್ಯವಾಗಿ, ಮಾರುವವರು ಕೆಲವೇ ಜನ ಇರುವ ಪೇಟೆಯಲ್ಲಿ ಕೊರತೆ ಎಲ್ಲ ಮಾರಾಟಗಾರರಿಗೂ ಬೆಲೆ ಏರಿಸಿಕೊಡುತ್ತದೆ, ಮುಳುಗಿದವರನ್ನೂ ಸೇರಿಸಿ. ನಷ್ಟ ಹೋದದ್ದು ಅವರ ಗಿರಾಕಿಗಳ ಕಡೆಗೆ, ಇಂಟೆಲ್‌ನಂಥ ನೆರೆಹೊರೆಯವರ ಕಡೆಗೆ, ವಿಮಾ ಕಂಪನಿಗಳ ಕಡೆಗೆ. ವಿಮೆಯವರು ಕಟ್ಟಿಕೊಟ್ಟ ಮೊತ್ತ 1,000 ಕೋಟಿ ಡಾಲರ್ ದಾಟಿತು. ಮರುವರ್ಷ ಥಾಯ್ ಸರ್ಕಾರವೇ ವಿಕೋಪ ವಿಮಾ ನಿಧಿ ಸ್ಥಾಪಿಸಬೇಕಾಯಿತು.

ಹೀಗೆ ಲಾಭ ಮಾಡಿಕೊಳ್ಳುವುದು ಉರಿಯುವ ಮನೆಯಲ್ಲಿ ಗಳ ಹಿರಿದಂತೆ ಅಲ್ಲವೇ ಎಂಬ ಪ್ರಶ್ನೆ ಸಹಜ. ಷೇರು ಕೊಂಡವರು ನೆರೆ ತರಿಸಲಿಲ್ಲ, ಅವರ ಹಣದಿಂದ ಯಾರ ಮನೆಯೂ ಮುಳುಗಲಿಲ್ಲ ಎಂಬ ಉತ್ತರವೂ ಸರಿಯೇ. ನನ್ನ ತಕರಾರು ಹೂಡಿಕೆದಾರರ ನೀತಿಯ ಬಗ್ಗೆ ಅಲ್ಲ, ಅವರು ಕಂಪನಿಗಳಿಗೆ ಕಲಿಸಿದ ಪಾಠದ ಬಗ್ಗೆ. ಒಂದೇ ಬಯಲಿನಲ್ಲಿ ಎಲ್ಲವನ್ನೂ ಗುಡ್ಡೆಹಾಕಿದ ಕಂಪನಿಗಳಿಗೆ ಆ ವರ್ಷ ದಂಡ ಬೀಳಲಿಲ್ಲ, ದಾಖಲೆಯ ಲಾಭ ಬಂತು. ಹಾಗಿದ್ದ ಮೇಲೆ ಚದುರಿಸುವ ಖರ್ಚನ್ನು ಯಾವ ಆಡಳಿತ ಮಂಡಳಿ ಒಪ್ಪೀತು? ಹಣ ಹಾಕುವವರು ಕಂಪನಿಯ ವರದಿಯಲ್ಲಿ ಲಾಭದ ಸಾಲನ್ನು ಓದುವಂತೆಯೇ ಒಂದೊಂದು ಬಿಡಿಭಾಗ ಎಷ್ಟು ಊರುಗಳಿಂದ ಬರುತ್ತದೆ ಎಂಬುದನ್ನೂ ಕೇಳಿದರೆ ಮಾತ್ರ ಇದು ಬದಲಾದೀತು.

ಗೋಡೆ ಎದ್ದಿತು, ಜಾಗ ಬದಲಾಗಲಿಲ್ಲ

ನೆರೆ ಇಳಿದ ಮೇಲೆ ಆ ವಸಾಹತುಗಳ ಸುತ್ತ ಸರ್ಕಾರದ ನೆರವಿನಿಂದ ಕಾಂಕ್ರೀಟ್ ಗೋಡೆಗಳು ಎದ್ದವು. ಕಾರ್ಖಾನೆಗಳು ಅಲ್ಲೇ ಉಳಿದವು. ವೆಸ್ಟರ್ನ್ ಡಿಜಿಟಲ್ 2018ರಲ್ಲಿ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿದ್ದ ಡಿಸ್ಕ್ ಕಾರ್ಖಾನೆ ಮುಚ್ಚಿ ಥಾಯ್ಲೆಂಡಿನಲ್ಲೇ ಕೆಲಸ ಒಗ್ಗೂಡಿಸುವುದಾಗಿ ಪ್ರಕಟಿಸಿತು. ಕಂಪನಿಗಳ ವಾದವನ್ನು ತಳ್ಳಿಹಾಕುವಂತಿಲ್ಲ: ಒಂದೆಡೆ ಸೇರಿದ್ದರಿಂದಲೇ ಸಾಗಣೆ ಖರ್ಚು ತಗ್ಗಿ, ಕುಶಲ ಕಾರ್ಮಿಕರು ಸಿಕ್ಕಿ, ಹತ್ತಾರು ವರ್ಷ ನಮಗೆಲ್ಲ ಅಗ್ಗದ ಡಿಸ್ಕ್ ದೊರೆಯಿತು. ಒಟ್ಟುಗೂಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನೆರೆಯ ಬಯಲಿನಲ್ಲಿ, ಎರಡನೆಯ ಮೂಲವೇ ಇಲ್ಲದ ಬಿಡಿಭಾಗದೊಡನೆ ಒಟ್ಟುಗೂಡುವುದು ತಪ್ಪು. ಆ ತಪ್ಪಿನ ಬೆಲೆಯನ್ನು ಕೊಳ್ಳುವವರು ಎರಡು ವರ್ಷ ಕಂತಿನಲ್ಲಿ ಕಟ್ಟಿದರು.

ಈ ಮಾತು ಈಗ ನಮಗೂ ದೂರದ್ದಲ್ಲ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ಬಳಿಯ ಫಾಕ್ಸ್‌ಕಾನ್ ಮತ್ತು ಪೆಗಾಟ್ರಾನ್ ಐಫೋನ್ ಕಾರ್ಖಾನೆಗಳು ಕೆಲಸ ನಿಲ್ಲಿಸಿದವು. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯ ಸುತ್ತಮುತ್ತ ಇಂಥವೇ ದೊಡ್ಡ ಕಾರ್ಖಾನೆಗಳು ಎದ್ದಿವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಚೇರಿಗಳಿಗೆ ಟ್ರ್ಯಾಕ್ಟರ್ ಹತ್ತಿ ಹೋದ ದಿನಗಳನ್ನು ನಾವು ಕಂಡಿದ್ದೇವೆ. ಕೈಗಾರಿಕೆಗೆ ಭೂಮಿ ಮತ್ತು ಸಬ್ಸಿಡಿ ಕೊಡುವಾಗ ಸರ್ಕಾರ ಎರಡು ಕಾಗದ ಕೇಳಲಿ: ಆ ಜಾಗದ ಕೆರೆ, ರಾಜಕಾಲುವೆಗಳ ಹಳೆಯ ನಕ್ಷೆ, ಕಾರ್ಖಾನೆಗೆ ಬೇಕಾದ ಮುಖ್ಯ ಬಿಡಿಭಾಗಗಳಲ್ಲಿ ಯಾವುವು ಒಂದೇ ಕಡೆಯಿಂದ ಬರುತ್ತವೆ ಎಂಬ ಪಟ್ಟಿ. ನೀರು ಕಣ್ಣಿಗೆ ಬಿದ್ದ ಮೇಲೆ ಸಿಗುವ ಸಮಯ ಬಹಳ ಕಡಿಮೆ. ಅಯುತ್ಥಯಾದಲ್ಲಿ ಮೊದಲ ವಸಾಹತು ಮುಳುಗಿದ ದಿನದಿಂದ ಬಾಂಗ್ ಪ-ಇನ್ ಮುಳುಗುವವರೆಗೆ ಸಿಕ್ಕಿದ್ದು ಹತ್ತೇ ದಿನ. ಅಷ್ಟರಲ್ಲಿ ಯಂತ್ರಗಳನ್ನು ಹೊರಸಾಗಿಸಲು ಆಗಲಿಲ್ಲ.